ಕೋಣೆಯಲ್ಲಿ ಬಿಟ್ಟು ಬಂದ ಕ್ಯಾಮೆರಾ

ಶಿರ್ವದ ಇಗರ್ಜಿಯಲ್ಲಿ ಬಾಲ್ತಜಾರ್ ಮಿನೇಜಸನನ್ನು ಮಣ್ಣು ಮಾಡಿದ ದಿನ ಬಂದವರಲ್ಲಿ ಹೆಚ್ಚಿನವರು ಯಾವಾಗಲಾದರೊಮ್ಮೆ ಅವನ ಕ್ಯಾಮೆರಾದ ಎದುರು ಕೂತವರು. ಮೀನು ಮಾರುವವರು, ಹೆಂಚಿನ ಕಾರ್ಖಾನೆಯವರು, ಬೀಡಿ ಕಟ್ಟುವ ಹೆಂಗಸರು. ಅವನ ಸಾಕ್ಷ್ಯಚಿತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದಿದೆ. ಅವನು ಹೇಗೆ ಶುರುಮಾಡಿದ ಎಂಬುದು ಎಲ್ಲಿಯೂ ಬಂದಿಲ್ಲ. ಅದನ್ನು ಬಲ್ಲವರು ಈಗ ನಾಲ್ಕೈದು ಮಂದಿ ಉಳಿದಿರಬಹುದು. ಸಂಕಟ ತಗ್ಗಲಿ, ಆಮೇಲೆ ಬರೆದರಾಯಿತು ಎಂದು ಕೂತರೆ ಬರೆಯುವುದೇ ಆಗಲಿಕ್ಕಿಲ್ಲ.

ಎಂಬತ್ತಾರನೆಯ ಇಸವಿ. ಬಾಲ್ತಜಾರ್ ಜಿದ್ದಾದ ಬಲದ್ ಪೇಟೆಯಲ್ಲಿ ಒಂದು ಟೀವಿ ಅಂಗಡಿಯ ರಿಪೇರಿ ಮೇಜಿನ ಹಿಂದೆ ಕೂರುತ್ತಿದ್ದ. ಉಳಿದುಕೊಂಡದ್ದು ಅದೇ ಊರಿನ ಅಜೀಜಿಯಾದಲ್ಲಿ, ತಾಯಿಯ ತಂಗಿ ಪೆಟ್ರೊನಿಲ್ಲಾ ಮಾವ್ಶಿಯ ಮನೆಯಲ್ಲಿ. ಆಕೆ ಅಲ್ಲಿ ಆಸ್ಪತ್ರೆಯೊಂದರ ನರ್ಸ್. ಅಂಗಡಿಗೆ ಯಾರೋ ರಿಪೇರಿಗೆಂದು ಒಂದು ವಿಡಿಯೊ ಕ್ಯಾಮೆರಾ ತಂದುಕೊಟ್ಟು, ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋಗಿಬಿಟ್ಟಿದ್ದರು. ಅದು ಕಪಾಟಿನಲ್ಲೇ ಧೂಳು ತಿನ್ನುತ್ತಿತ್ತು. ಒಂದು ದಿನ ಅಂಗಡಿಯ ಯಜಮಾನ, ಅವನ ಕಫೀಲ್, "ಯಲ್ಲಾ, ನೀನೇ ತಕೊಂಡು ಹೋಗು, ಕಪಾಟು ಖಾಲಿಯಾಗಲಿ" ಎಂದ. ಹೆಗಲ ಮೇಲಿಟ್ಟರೆ ಹಲಸಿನ ಹಣ್ಣು ಹೊತ್ತಷ್ಟು ಭಾರ. ಬಾಲ್ತಜಾರ್ ಅದನ್ನು ಕೂಸಿನಂತೆ ಎದೆಗೊತ್ತಿಕೊಂಡು ಬಸ್ಸಿನಲ್ಲಿ ಮನೆಗೆ ತಂದು, ತಾನೇ ಸರಿಮಾಡಿದ.

ಆ ಹುಚ್ಚು ಹೊಸದಲ್ಲ. ಹುಡುಗನಾಗಿದ್ದಾಗ ಉಡುಪಿಯ ಟಾಕೀಸಿನಲ್ಲಿ ಸಿನೆಮಾಕ್ಕೆ ಮೊದಲು ಸರಕಾರದ ವಾರ್ತಾಚಿತ್ರ ಹಾಕುತ್ತಿದ್ದರು. ದೊಡ್ಡವರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದ ಹೊತ್ತಿನಲ್ಲಿ ಇವನು ಅಣೆಕಟ್ಟಿನ ಕೂಲಿಯವರು ಕಲ್ಲು ಹೊರುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಜನ ತಮ್ಮ ಪಾಡಿಗೆ ಕೆಲಸ ಮಾಡುವುದನ್ನು ಹಾಗೆಯೇ ತೆಗೆಯಬೇಕು ಎಂಬುದು ಅವನ ಆಸೆ. ಆದರೆ ಅಜೀಜಿಯಾದಲ್ಲಿ ಅವನನ್ನು ಕರೆದದ್ದೆಲ್ಲ ಹುಟ್ಟುಹಬ್ಬಗಳಿಗೆ. ಕ್ಯಾಮೆರಾ ಕಂಡ ಕೂಡಲೇ ನಮ್ಮವರು ಫೋಟೊಕ್ಕೆ ನಿಂತಂತೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದರು. "ಸ್ವಲ್ಪ ಅಲ್ಲಾಡಿ ಮಾರಾಯ್ರೆ, ಇದು ವಿಡಿಯೊ!" ಎಂದು ಅವನು ಅಂಗಲಾಚಿದರೆ ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದರು.

ಕೆಳಗಿನ ಮಹಡಿಯಲ್ಲಿ ಕಾಪುವಿನ ಸಿರಾಜುದ್ದೀನ್ ಇದ್ದ. ಹಡಗು ಕಂಪೆನಿಯೊಂದರ ಗುಮಾಸ್ತ, ಬಾಲ್ತಜಾರನ ಸ್ನೇಹಿತ. ಅವನ ಹೆಂಡತಿ ಝೊಹರಾಳಿಗೆ ಆ ವರ್ಷ ಚೊಚ್ಚಲ ಹೆರಿಗೆಯಾಯಿತು. ಬ್ಯಾರಿಗಳಲ್ಲಿ ಮೊದಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕು. ಆದರೆ ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ಜಿದ್ದಾದಲ್ಲೇ ಉಳಿದಿದ್ದಳು. ಅತ್ತ ಕಾಪುವಿನಲ್ಲಿ ಅವಳ ತಾಯಿ ಅಲೀಮಮ್ಮನಿಗೆ ಊಟ ಸೇರುತ್ತಿರಲಿಲ್ಲ. ಮಗಳಿಗೆ ಎಣ್ಣೆ ಹಚ್ಚುವವರು ಯಾರು, ಬಿಸಿನೀರು ಎರೆಯುವವರು ಯಾರು? ಕಾಗದ ಬರೆದರೆ ಆಕೆ ನಂಬುತ್ತಿರಲಿಲ್ಲ. ಫೋನಿನಲ್ಲಿ ಮಗಳೇ ಮಾತಾಡಿದರೂ, ಸಾಯುವ ಹೊತ್ತಿಗೂ ಅವಳು ಚೆನ್ನಾಗಿದ್ದೇನೆ ಅಂತಲೇ ಹೇಳುವವಳು ಎನ್ನುತ್ತಿದ್ದಳು.

"ವಿಡಿಯೊ ಕಳಿಸುವ" ಎಂದ ಸಿರಾಜುದ್ದೀನ್. ಬಾಲ್ತಜಾರ್ ಕ್ಯಾಮೆರಾ ಹೊತ್ತು ಕೆಳಗಿಳಿದ.

ಝೊಹರಾ ಒಳಕೋಣೆಯಲ್ಲಿದ್ದಳು. ಹೊರಗಿನ ಗಂಡಸಿನ ಎದುರು ಬರುವ ಪದ್ಧತಿ ಇಲ್ಲ; ಬಾಲ್ತಜಾರನಿಗೆ ಅವಳ ಪರಿಚಯವಿದ್ದದ್ದು ಬಾಗಿಲ ಹಿಂದಿನ ದನಿಯಾಗಿ ಮಾತ್ರ. ಹಾಗಾಗಿ ಉಳಿದದ್ದನ್ನೆಲ್ಲ ತೆಗೆದರು. ತೊಟ್ಟಿಲು, ರತ್ನಗಂಬಳಿ, ಸೂಟು ಹಾಕಿಸಿದ ಮಗು, ಗೋಡೆಯ ಏಸಿ.

"ಫ್ರಿಜ್ಜಿನ ಬಾಗಿಲು ತೆರೀತೇನೆ, ಹತ್ತಿರದಿಂದ ತೆಗಿ. ಸೇಬು ಕಾಣಬೇಕು."

"ಬಾಣಂತಿಗೆ ತಣ್ಣನೆ ಸೇಬು ಕೊಡ್ತೀಯಾ?"

"ಕೊಡುದಿಲ್ಲ ಮಾರಾಯ, ಕಾಣಲಿ ಅಂತ."

ಊರಿಗೆ ಹೊರಟಿದ್ದ ಪೊಡಿಯಬ್ಬ ಎಂಬವರ ಕೈಯಲ್ಲಿ ಕ್ಯಾಸೆಟ್ ಹೋಯಿತು. ಕಾಪುವಿನಲ್ಲಿ ವೀಸೀಆರ್ ಇದ್ದ ಉಮ್ಮೆ ಕುಲ್ಸುಮ್ ಅವರ ಮನೆಯಲ್ಲಿ ಕೇರಿಗೆ ಕೇರಿಯೇ ಸೇರಿ ನೋಡಿತು. ಮರುದಿನವೇ ಸಿರಾಜುದ್ದೀನನ ಆಫೀಸಿಗೆ ಅಲೀಮಮ್ಮನ ಫೋನು.

"ಮನೆಯೆಲ್ಲ ತೋರಿಸಿದ್ರಿ. ನನ್ನ ಮಗಳನ್ನು ಎಲ್ಲಿ ಇಟ್ಟಿದ್ದೀರಿ? ಆ ಫ್ರಿಜ್ಜಿನ ಒಳಗಾ? ಬಾಣಂತಿ ಇರುವ ಮನೆಯಲ್ಲಿ ತಣ್ಣನೆ ಗಾಳಿಯ ಮಿಷಿನ್ ಬೇರೆ! ನೀವು ಏನೋ ಮುಚ್ಚಿಡ್ತಿದ್ದೀರಿ. ನಲವತ್ತು ದಿನ ಕಳೆದ ಕೂಡಲೇ ಅವಳನ್ನೂ ಮಗುವನ್ನೂ ಕಳಿಸಿ. ಮತ್ತೆ ನಾನು ಅಲ್ಲಿಗೆ ಕಳಿಸುದಿಲ್ಲ."

ಅತ್ತೆಯ ಮಾತು ಮೀರುವ ಧೈರ್ಯ ಸಿರಾಜುದ್ದೀನನಿಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅವನು ಇದನ್ನೆಲ್ಲ ಹೇಳುತ್ತಿದ್ದಾಗ ಬಾಲ್ತಜಾರನಿಗೆ ನಗು ಬಂತು, ಕೂಡಲೇ ಮುಖ ಸಪ್ಪಗಾಯಿತು. ಆ ಹೆಂಗಸು ಕೇಳಿದ್ದು ಸರಿಯಾಗಿಯೇ ಇತ್ತು. ಮನೆಯಲ್ಲಿದ್ದ ಎಲ್ಲವನ್ನೂ ತೆಗೆದಿದ್ದ, ಅವಳಿಗೆ ಬೇಕಾದ್ದೊಂದನ್ನು ಬಿಟ್ಟು. ಈಗ ಸ್ನೇಹಿತನ ಸಂಸಾರ ಎರಡು ದೇಶಗಳಿಗೆ ಹಂಚಿಹೋದರೆ ಅದಕ್ಕೆ ತನ್ನ ಕ್ಯಾಸೆಟ್ಟೇ ಕಾರಣ.

"ನನ್ನ ಮಾವ್ಶಿ ದಿನಾ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದು ಮಗುವಿಗೆ ಎಣ್ಣೆ ಹಚ್ತಾರಲ್ಲ? ಅದನ್ನು ತೆಗೀಬೇಕು" ಎಂದ.

"ಆ ಕೋಣೆಗೆ ನೀನು ಹೋಗುದಾ? ತಲೆ ಸರಿ ಉಂಟಾ?"

"ನಾನು ಹೋಗುದಿಲ್ಲ. ಕ್ಯಾಮೆರಾ ಇಟ್ಟು ಹೊರಗೆ ಬರ್ತೇನೆ. ಅದರ ಪಾಡಿಗೆ ಅದು ಓಡ್ತದೆ."

ಸಿರಾಜುದ್ದೀನ್ ಒಳಗೆ ಹೋಗಿ ಕೇಳಿದ. ಬಾಗಿಲ ಹಿಂದಿನಿಂದ ಝೊಹರಾಳ ದನಿ ಬಂತು: "ಕ್ಯಾಮೆರಾಕ್ಕೆ ಕಣ್ಣುಂಟಲ್ಲ, ಅಣ್ಣ? ಅದು ನೋಡಿದ್ದನ್ನು ಆಮೇಲೆ ನೀವೂ ನೋಡ್ತೀರಲ್ಲ?"

ಬಾಲ್ತಜಾರ್ ಇದನ್ನು ಯೋಚಿಸಿರಲಿಲ್ಲ.

"ಉಮ್ಮ ನೋಡಲಿ, ಊರಿನ ಹೆಂಗಸರು ನೋಡಲಿ. ನೀವು ನೋಡುದಿಲ್ಲ ಅಂತ ಮಾತು ಕೊಟ್ರೆ ಆಯ್ತು."

ಉಪ್ಪು ನೋಡದೆ ಅಡುಗೆ ಬಡಿಸು ಎಂದಂತಾಯಿತು. ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತೆಂದೂ ತಿಳಿಯದು. ಆದರೂ ಅವನು ಮಾತು ಕೊಟ್ಟ.

ಶುಕ್ರವಾರ ಬೆಳಿಗ್ಗೆ ಝೊಹರಾ ಅಡುಗೆಮನೆಗೆ ಹೋದಾಗ ಅವನು ಕೋಣೆಗೆ ಹೊಕ್ಕ. ಹಾಲಿನ ಪುಡಿಯ ರಟ್ಟಿನ ಪೆಟ್ಟಿಗೆಗಳ ಮೇಲೆ, ಚಾಪೆಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಟ್ಟ. ಅಳತೆ ನೋಡಲು ಸಿರಾಜುದ್ದೀನನನ್ನೇ ಚಾಪೆಯ ಮೇಲೆ ಕಾಲು ನೀಡಿ ಕೂರಿಸಿ, ಕಾಲಿನ ಮೇಲೆ ದಿಂಬು ಮಲಗಿಸಿದ. ಅಷ್ಟರಲ್ಲಿ ಎಣ್ಣೆಯ ಬಟ್ಟಲು ಹಿಡಿದು ಪೆಟ್ರೊನಿಲ್ಲಾ ಬಂದಳು.

"ಅಯ್ಯೊ ದೇವರೇ! ಬಾಣಂತನ ಈಗ ಇವರಿಗಾ? ಹೊಟ್ಟೆ ನೋಡಿದ್ರೆ ಹೌದು ಅನ್ನಿಸ್ತದೆ."

"ನಗಿ ಬಾಯಮ್ಮ, ನಗಿ" ಎಂದ ಸಿರಾಜುದ್ದೀನ್, ದಿಂಬನ್ನು ಬಿಡದೆ.

ಬಾಲ್ತಜಾರ್ ಏಸಿ ಆರಿಸಿದ; ಅದರ ಸದ್ದಿನಲ್ಲಿ ಮಾತು ಕೇಳಿಸದು. "ಮಾವ್ಶಿ, ಕ್ಯಾಮೆರಾ ಇದೆ ಅಂತ ಮರೆತುಬಿಡಿ."

"ಕೆಂಪು ದೀಪ ಉರಿಸಿಕೊಂಡು ಎದುರು ಕೂತದ್ದನ್ನು ಮರೆಯುದು ಹೇಗೆ ಮಗಾ?"

ಅವನು ದೀಪಕ್ಕೆ ಕಪ್ಪು ಟೇಪು ಅಂಟಿಸಿದ, ಗುಂಡಿ ಒತ್ತಿದ, ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಹಾಲ್‌ನಲ್ಲಿ ಇಬ್ಬರೂ ಕೂತರು. ಮೊದಮೊದಲು ಒಳಗಿನಿಂದ ಪೆಟ್ರೊನಿಲ್ಲಾಳ ಮಾತು ಇಗರ್ಜಿಯ ಪೂಜೆಯಲ್ಲಿ ವಾಚನ ಓದಿದಂತೆ ಕೇಳುತ್ತಿತ್ತು. "ಈಗ-ನಾವು-ಮಗುವಿಗೆ-ಎಣ್ಣೆ-ಹಚ್ಚುತ್ತೇವೆ." ಬಾಲ್ತಜಾರ್ ಹಣೆ ಚಚ್ಚಿಕೊಂಡ. ಆಮೇಲೆ ಮಗು ಕಿರುಚಿತು. ನೀರು ಚೆಲ್ಲಿದ ಸದ್ದಾಯಿತು. ಪೆಟ್ರೊನಿಲ್ಲಾ ಕೊಂಕಣಿಯಲ್ಲಿ ಏನೋ ಬೈದಳು, ಝೊಹರಾ ಬ್ಯಾರಿಯಲ್ಲಿ ಉತ್ತರ ಕೊಟ್ಟಳು, ಇಬ್ಬರೂ ಬಿದ್ದು ಬಿದ್ದು ನಕ್ಕರು. ಚೌಕಟ್ಟು ಸರಿ ಇದೆಯೊ ಇಲ್ಲವೊ ಎಂದು ಬಾಲ್ತಜಾರನ ಕೈ ತುರಿಸುತ್ತಿತ್ತು. ಎರಡು ಸಲ ಎದ್ದ.

"ಕೂತ್ಕೊ" ಎಂದ ಸಿರಾಜುದ್ದೀನ್. "ನೀನಿಲ್ಲದೆ ಚೆನ್ನಾಗಿಯೇ ನಡೀತಾ ಉಂಟು."

ಬಾಲ್ತಜಾರ್ ಕೂತ. ಒಳಗೆ ಝೊಹರಾ ಮಗುವಿಗೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ತಾನು ಇಷ್ಟು ವರ್ಷ ತೆಗೆಯಬೇಕೆಂದುಕೊಂಡದ್ದು ಬಾಗಿಲ ಆಚೆ ಆಗುತ್ತಿದೆ, ತಾನು ಈಚೆಗಿರುವುದರಿಂದಲೇ ಆಗುತ್ತಿದೆ ಎಂದು ಅವನಿಗೆ ಅನ್ನಿಸಿತು. ಮುಂದೆ ಊರಿಗೆ ಬಂದು ದೊಡ್ಡ ಚಿತ್ರಗಳನ್ನು ಮಾಡಿದಾಗಲೂ ಅವನ ಪದ್ಧತಿ ಇದೇ. ಬೀಡಿಯ ಹೆಂಗಸರ ನಡುವೆ ಕ್ಯಾಮೆರಾ ಇಟ್ಟು ಚಹಾ ಕುಡಿಯಲು ಹೋಗಿಬಿಡುತ್ತಿದ್ದ. ಜೊತೆಗೆ ಹೋಗುತ್ತಿದ್ದ ನಾವು ಸೋಮಾರಿ ಎಂದು ಗೇಲಿ ಮಾಡುತ್ತಿದ್ದೆವು. ಅವನು ಇನ್ನೊಂದು ಚಹಾ ಹೇಳುತ್ತಿದ್ದ.

ಕ್ಯಾಸೆಟ್ ಮುಗಿದ ಮೇಲೆ ಹೆಂಗಸರಿಬ್ಬರೇ ಬಾಗಿಲು ಹಾಕಿಕೊಂಡು ನೋಡಿದರು.

"ಹೇಗುಂಟು ಮಾವ್ಶಿ?"

"ನನ್ನ ಕಾಲು ಭಾರೀ ದಪ್ಪ ಕಾಣ್ತದೆ."

"ಝೊಹರಾಳ ಮುಖ ಸಿಕ್ಕಿದೆಯಾ? ತಲೆ ತುಂಡಾಗಿಲ್ಲ ಅಲ್ವಾ?"

"ಅದನ್ನು ಕೇಳಬೇಡ. ಮಾತು ಕೊಟ್ಟಿದ್ದಿ."

ಅಬ್ದುಲ್ ಬಾರಿ ಎಂಬ ನಂಬಿಕಸ್ಥರು ಊರಿಗೆ ಹೊರಟಾಗ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಹೊಲಿದು, ಅಲೀಮಮ್ಮನ ಕೈಗೇ ಕೊಡಬೇಕೆಂದು ಹೇಳಿ ಕಳಿಸಿದರು. ಆಮೇಲೆ ಕಾಯುವ ಕೆಲಸ. ಸಿರಾಜುದ್ದೀನ್ ವಿಮಾನದ ಟಿಕೇಟಿನ ಬಗ್ಗೆ ವಿಚಾರಿಸಲು ಶುರುಮಾಡಿದ್ದ. ಝೊಹರಾ ಮಗುವಿನ ಬಟ್ಟೆಗಳನ್ನು ಬೇರೆಯಾಗಿ ಮಡಿಸಿ ಇಟ್ಟಿದ್ದಳಂತೆ. ಬಾಲ್ತಜಾರ್ ರಿಪೇರಿ ಮೇಜಿನಲ್ಲಿ ಒಂದು ರೇಡಿಯೊದ ತಿರುಪುಗಳನ್ನು ಇನ್ನೊಂದಕ್ಕೆ ಹಾಕಿ ಬೈಸಿಕೊಂಡ.

ಉತ್ತರವೂ ಕ್ಯಾಸೆಟ್ಟಿನಲ್ಲೇ ಬಂತು, ಮಾತಿನ ಕ್ಯಾಸೆಟ್. ಬರೆಯಲು ಬಾರದ ಹಿರಿಯರು ಆಗ ಹಾಗೆಯೇ ಕಳಿಸುತ್ತಿದ್ದರು. ಸಿರಾಜುದ್ದೀನ್ ಬಾಲ್ತಜಾರನನ್ನೂ ಅವನ ಮಾವ್ಶಿಯನ್ನೂ ಕರೆದ. ಝೊಹರಾ ಪರದೆಯ ಹಿಂದೆ ಕೂತಳು. ಟೇಪ್ ರೆಕಾರ್ಡರಿನಿಂದ ಅಲೀಮಮ್ಮನ ಗಂಟಲು ಸರಿಮಾಡಿಕೊಂಡ ಸದ್ದು, ಹಿಂದೆ ಒಂದು ಕೋಳಿ. ಆಕೆಯ ಬ್ಯಾರಿ ಮಾತು ಬಾಲ್ತಜಾರನಿಗೆ ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಸಿರಾಜುದ್ದೀನ್ ಪಿಸುಗುಟ್ಟುತ್ತಿದ್ದ.

"ಝೊಹರಾ, ಎಣ್ಣೆ ಹಚ್ಚುವ ಆ ಬಾಯಮ್ಮನ ಕೈ ಒಳ್ಳೇದು. ಆದ್ರೆ ಮಗುವಿನ ಮೂಗನ್ನು ಅವರು ಎಳೀಲೇ ಇಲ್ಲ. ಎಳೀಲಿಕ್ಕೆ ಹೇಳು, ಇಲ್ಲದಿದ್ರೆ ಮೂಗು ಚಪ್ಪಟೆ ಆಗ್ತದೆ, ಅದರ ಅಪ್ಪನ ಹಾಗೆ."

ಸಿರಾಜುದ್ದೀನ್ ಇದನ್ನು ಬಿಡಿಸಿ ಹೇಳಲಿಲ್ಲ. ಪರದೆಯ ಹಿಂದೆ ಝೊಹರಾಳ ಬಳೆ ಸದ್ದಾಯಿತು.

"ನೀರು ಚೆಲ್ಲಿದ ಮೇಲೆ ಒದ್ದೆ ಚಾಪೆಯಲ್ಲೇ ಕೂತಿದ್ದಿ. ಕಿವಿಗೆ ಕಟ್ಟಿದ ಬಟ್ಟೆ ಜಾರಿದೆ, ನೋಡಿಕೊಂಡಿಲ್ಲ. ಮೆಂತೆ ಗಂಜಿಯನ್ನು ಅರ್ಧ ಬಿಟ್ಟು ಬಟ್ಟಲನ್ನು ಮಂಚದಡಿಗೆ ತಳ್ಳಿದ್ದೂ ಕಂಡಿದೆ. ನಾನು ಇಲ್ಲ ಅಂತ ಮಾಡ್ತೀಯಾ? ಇನ್ನು ಪೂರ್ತಿ ಕುಡೀಬೇಕು. ಮಗು ಅತ್ತಾಗ ನೀನು ತಲೆ ಎತ್ತಿ ನಗಾಡಿದ್ದಿಯಲ್ಲ, ಆಗ ಗಲ್ಲ ನೋಡಿದೆ. ತುಂಬಿಕೊಂಡಿದೆ. ಆಯ್ತು, ಅಲ್ಲಿಯೇ ಇರು. ನಾನು ಹೇಳಿದ್ದು ಮಾಡದಿದ್ರೆ ಮಾತ್ರ ಕರೆಸಿಕೊಳ್ತೇನೆ."

ಸಿರಾಜುದ್ದೀನ್ ಉದ್ದಕ್ಕೆ ಉಸಿರು ಬಿಟ್ಟು ಗೋಡೆಗೆ ಒರಗಿದ. ಪೆಟ್ರೊನಿಲ್ಲಾ ಕಣ್ಣೊರಸಿಕೊಂಡು, "ಮೂಗು ನಾಳೆಯೇ ಎಳೀತೇನೆ" ಎಂದಳು.

ಬಾಲ್ತಜಾರ್ ತಾನು ನೋಡದ ಚಿತ್ರವನ್ನು ಆ ಬೈಗುಳದಿಂದಲೇ ಜೋಡಿಸಿಕೊಳ್ಳುತ್ತಿದ್ದ. ಒದ್ದೆ ಚಾಪೆ ಕಂಡಿದೆ, ಮಂಚದಡಿಯ ಬಟ್ಟಲು ಕಂಡಿದೆ. ತಲೆ ಎತ್ತಿ ನಕ್ಕಾಗ ಗಲ್ಲ ಚೌಕಟ್ಟಿನೊಳಗೆ ಬಂದಿದೆ. ಅವನು ಮುಂದಕ್ಕೆ ಬಾಗಿ ಟೇಪನ್ನು ತಾನೇ ಹಿಂದಕ್ಕೆ ತಿರುಗಿಸಿದ.

"ಎಂತ ಬಾಲ್ತು, ಬೈಗುಳ ಇನ್ನೊಮ್ಮೆ ಕೇಳ್ಬೇಕಾ?"

"ಶ್" ಎಂದ ಬಾಲ್ತಜಾರ್. ಮೊದಲಿನಿಂದ ಕೇಳತೊಡಗಿದ.