ಮೀಟರಕ್ಕ ಹಾಕಿದ ಸೊನ್ನೆ

ಬೀದಿಯ ನಡುವಿನ ಕಬ್ಬಿಣದ ಮುಚ್ಚಳವನ್ನು ಹಾರೆ ಹಾಕಿ ಎತ್ತುವಾಗ ಮೊದಲು ಕರಕರ ಎನ್ನುತ್ತದೆ. ಆಮೇಲೆ ಕಲ್ಲಿನ ಮೇಲೆ ಉದ್ದಕ್ಕೆ ಎಳೆದ ಸದ್ದು, ಕೊನೆಗೆ ಧಡ್ಡನೆ ಒಂದು ಪೆಟ್ಟು. ಮೀಟರಕ್ಕನ ಮನೆ ತಿರುವಿನಲ್ಲಿರುವುದರಿಂದ ಬೀದಿಯ ನಾಲ್ಕು ಮುಚ್ಚಳಗಳ ಸದ್ದೂ ಆಕೆಗೆ ಕೇಳುತ್ತದೆ. ಕೇಳಿದ ಕೂಡಲೇ ಒಲೆ ಸಣ್ಣಗೆ ಮಾಡಿ ಕಿಟಕಿಗೆ ಬರುತ್ತಾಳೆ. ಗುಂಡಿಗೆ ಇಳಿಯುವವನ ಎದೆಯ ಮೇಲೆ ಗಾಳಿ ಪೆಟ್ಟಿಗೆ ಇದೆಯೇ ಎಂದು ನೋಡುತ್ತಾಳೆ. ಇಲ್ಲದಿದ್ದರೆ ಸೌಟು ಹಿಡಿದುಕೊಂಡೇ ಕೆಳಗೆ ಇಳಿದು ಬೈಯುತ್ತಾಳೆ.

ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಆಕೆ ಇಪ್ಪತ್ತಾರು ವರ್ಷಗಳಿಂದ ಮೆಕ್ಯಾನಿಕ್. ಪಂಪುಗಳ ಮೆಕ್ಯಾನಿಕ್ ಅಲ್ಲ, ಅಳೆಯುವ ಉಪಕರಣಗಳದ್ದು. ಅದಕ್ಕೇ ಮೀಟರಕ್ಕ ಎಂಬ ಹೆಸರು ಬಿತ್ತು. ಗಂಡ ಬಸ್ ಕಂಡಕ್ಟರ್. "ನಮ್ಮನೇಲಿ ಹಾಲು ಉಕ್ಕೋ ಮೊದಲೇ ಇವಳಿಗೆ ಗೊತ್ತಾಗುತ್ತೆ, ನಾನು ಸುಳ್ಳು ಹೇಳೋ ಮೊದಲೂ ಗೊತ್ತಾಗುತ್ತೆ" ಎಂದು ಅವನು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಆಕೆಯ ಕೋಣೆ ಪಂಪ್ ಹೌಸಿನ ಹಿಂದಿದೆ. ಒಂದು ಬೆಂಚು, ಒಂದು ಟ್ಯೂಬ್ ಲೈಟು, ತಿರುಪುಗಳನ್ನು ಹಾಕಿಟ್ಟ ಹಳೆಯ ಔಷಧಿ ಸೀಸೆಗಳು. ಗೋಡೆಯ ಮೊಳೆಗಳಿಗೆ ಸಾಲಾಗಿ ನೇತು ಹಾಕಿದ ಗಾಳಿ ಪೆಟ್ಟಿಗೆಗಳು. ಗುಂಡಿಯೊಳಗೆ ವಿಷಗಾಳಿ ಇದ್ದರೆ ಅವು ಕಿರುಚಿಕೊಳ್ಳಬೇಕು. ಆ ಗಾಳಿ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೂಗೇ ಸತ್ತು ಹೋಗುತ್ತದೆ, ವಾಸನೆ ಹೋಯಿತೆಂದು ಮನುಷ್ಯ ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ ಇರುತ್ತದೆ. ಗಾಳಿಯನ್ನು ಮೂಸುವುದು ಅದೇ. ಕೊಳಚೆಯಲ್ಲಿ ನೆನೆದು ನೆನೆದು ಒಂದು ದಿನ ಆ ಬಿಲ್ಲೆಯೂ ಸಾಯುತ್ತದೆ. ಸತ್ತದ್ದು ಹೊರಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಘಟಕದಲ್ಲಿ ಒಂದು ಪದ್ಧತಿ. ದಿನಾ ಬೆಳಿಗ್ಗೆ ಏಳಕ್ಕೆ ಮೀಟರಕ್ಕ ಸಣ್ಣ ಸಿಲಿಂಡರಿನಿಂದ ಪ್ರತಿ ಪೆಟ್ಟಿಗೆಯ ಮೂತಿಗೂ ಒಂದು ಉಸಿರಿನಷ್ಟು ವಿಷಗಾಳಿ ಹಿಡಿಯುತ್ತಾಳೆ. ಕಿರುಚಿದರೆ ಅದು ಕೆಲಸಕ್ಕೆ, ಸುಮ್ಮನಿದ್ದರೆ ಬೆಂಚಿಗೆ. ಇದಕ್ಕೆ ಅವರು ಕೂಗಿಸುವುದು ಎನ್ನುತ್ತಾರೆ. ಕೂಗಿಸದ ಪೆಟ್ಟಿಗೆಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.

ಎರಡು ವರ್ಷದ ಹಿಂದೆ ಆಕೆಗೆ ಒಂದು ಪತ್ರ ಬಂತು. ಸಮಾಜಕ್ಕೆ ಉಪಯೋಗವಾಗುವ ತಂತ್ರಜ್ಞಾನಕ್ಕೆ ಪ್ರತಿ ವರ್ಷ ಬಹುಮಾನ ಕೊಡುವ ಸಂಸ್ಥೆಯೊಂದು, ಕೈಯಲ್ಲಿ ಕೆಲಸ ಮಾಡುವವರೂ ಒಬ್ಬರು ಇರಲಿ ಎಂದು, ಆಕೆಯನ್ನು ಐದನೆಯ ತೀರ್ಪುಗಾರ್ತಿಯಾಗಿ ಕರೆದಿತ್ತು.

"ನಿನ್ನ ತೀರ್ಪಿಗೆ ನಾನೊಬ್ಬ ಸಾಕಾಗಿರಲಿಲ್ಲ ಅನ್ಸುತ್ತೆ," ಎಂದ ಗಂಡ.

"ನಿಮಗೆ ಅಂಕ ಕೊಡೋ ಹಾಗಿದ್ದಿದ್ರೆ ಯಾವಾಗಲೋ ಫೇಲ್ ಮಾಡ್ತಿದ್ದೆ ಕಣ್ರೀ," ಎಂದಳು ಆಕೆ. ಆದರೂ ಒಳ್ಳೆಯ ಸೀರೆಗೆ ಎರಡು ಸಲ ಇಸ್ತ್ರಿ ಹಾಕಿದಳು.

ಸಭಾಂಗಣದ ಉದ್ದನೆಯ ಮೇಜಿನ ಮೇಲೆ ಆಕೆಯ ಹೆಸರಿನ ಫಲಕವಿತ್ತು. ಪಕ್ಕದಲ್ಲಿ ಇಬ್ಬರು ಪ್ರೊಫೆಸರುಗಳು, ಒಬ್ಬ ಉದ್ಯಮಿ, ನಡುವೆ ಅಧ್ಯಕ್ಷರು. ಅಧ್ಯಕ್ಷರು ಬೆಳ್ಳಗಿನ ಕೂದಲಿನ, ಎಲ್ಲರನ್ನೂ ಎದ್ದು ನಿಂತು ಬರಮಾಡಿಕೊಳ್ಳುವ ಸಜ್ಜನರು. ನಿಯಮಗಳನ್ನು ಅವರೇ ಓದಿದರು. ಒಂದೊಂದು ತಂಡಕ್ಕೂ ಏಳು ನಿಮಿಷ, ಗಂಟೆ ಹೊಡೆದ ಮೇಲೆ ಪ್ರಶ್ನೆ ಇಲ್ಲ. ತೀರ್ಪುಗಾರರು ತಮ್ಮೊಳಗೆ ಚರ್ಚೆ ಮಾಡುವಂತಿಲ್ಲ. ಹತ್ತಕ್ಕೆ ಅಂಕ. ಯಾರ ಪ್ರೀತಿ ದ್ವೇಷವೂ ನಡೆಯದ ಹಾಗೆ ಅತಿ ಹೆಚ್ಚಿನ ಅಂಕವನ್ನೂ ಅತಿ ಕಡಿಮೆಯ ಅಂಕವನ್ನೂ ಬಿಟ್ಟು, ಉಳಿದ ಮೂರರ ಸರಾಸರಿ. "ಏನಿದ್ದರೂ ಅಂಕದಲ್ಲೇ ಮಾತಾಡೋಣ," ಎಂದರು. ಮೀಟರಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ನೀರಿನ ಬಾಟಲಿಯ ಮುಚ್ಚಳ ತೆಗೆಯುವಾಗ ಸದ್ದಾದೀತೆಂದು ಅವಳು ನೀರನ್ನೂ ಕುಡಿದಿರಲಿಲ್ಲ.

ಒಂಬತ್ತನೆಯದು ಗಾಳಿ ಪೆಟ್ಟಿಗೆ. ಇಬ್ಬರು ಯುವ ಎಂಜಿನಿಯರುಗಳು ಮಾಡಿದ್ದು. ಅಂಗೈಯಲ್ಲಿ ಅಡಗುವಷ್ಟು ಸಣ್ಣದು, ಹಗುರ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಕೂಗಿಸುವ ಕೆಲಸವೇ ಇಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಗುಂಡಿಗಳಲ್ಲಿ ಸತ್ತವರ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿದಾಗ ಉದ್ಯಮಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಮೀಟರಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಒಳಗಿನ ಬಿಲ್ಲೆ ಸತ್ತುಹೋದ್ರೆ ಹೊರಗಿರೋರಿಗೆ ಹೇಗೆ ಗೊತ್ತಾಗುತ್ತಪ್ಪಾ?"

"ಸಾಯಲ್ಲ ಮೇಡಂ. ಎರಡು ವರ್ಷ ಗ್ಯಾರಂಟಿ."

"ಅದಲ್ಲ, ಅಕಸ್ಮಾತ್..."

ಗಂಟೆ ಹೊಡೆಯಿತು. ಅಧ್ಯಕ್ಷರು ಆಕೆಯ ಕಡೆ ನೋಡಿ ಕ್ಷಮೆ ಕೇಳುವಂತೆ ನಕ್ಕರು.

ಚಹಾದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಆಕೆ ಪ್ರದರ್ಶನದ ಮೇಜಿನ ಹತ್ತಿರ ಹೋದಳು. ಜಡೆಯ ಪಿನ್ನು ತೆಗೆದು ಪೆಟ್ಟಿಗೆಯ ಬೆನ್ನು ಬಿಚ್ಚಿದಳು, ಉಗುರಿನಿಂದ ಬಿಲ್ಲೆಯನ್ನು ಎಬ್ಬಿಸಿ ತೆಗೆದಳು. ಈಗ ಪೆಟ್ಟಿಗೆಗೆ ಮೂಗೇ ಇಲ್ಲ. ಹಸಿರು ದೀಪ ಹಾಗೇ ಉರಿಯುತ್ತಿತ್ತು.

ಬಿಲ್ಲೆಯನ್ನು ಮತ್ತೆ ಕೂರಿಸಿ, ತನ್ನ ಜಾಗಕ್ಕೆ ಬಂದು, ಅಂಕದ ಹಾಳೆಯಲ್ಲಿ ಒಂಬತ್ತನೆಯ ತಂಡದ ಮುಂದೆ ದೊಡ್ಡದೊಂದು ಸೊನ್ನೆ ಬರೆದಳು. ಕಾಗದ ಹರಿಯುವಷ್ಟು ಒತ್ತಿ ಬರೆದಳು. ಅಷ್ಟು ದೊಡ್ಡ ಸೊನ್ನೆ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಹೇಳೋಣ ಎಂದುಕೊಂಡಳು.

ಯಾರೂ ಕೇಳಲಿಲ್ಲ. ಸಂಜೆ ಅಂಕಗಳನ್ನು ಬೋರ್ಡಿನ ಮೇಲೆ ಹಾಕಿದರು. ಗಾಳಿ ಪೆಟ್ಟಿಗೆಗೆ ಬಿದ್ದದ್ದು ಒಂಬತ್ತು, ಎಂಟು, ಎಂಟು, ಎಂಟು, ಸೊನ್ನೆ. ಗುಮಾಸ್ತ ಒಂಬತ್ತನ್ನು ಹೊಡೆದು ಹಾಕಿದ, ಅದೇ ಕೈಯಲ್ಲಿ ಸೊನ್ನೆಯನ್ನೂ ಹೊಡೆದು ಹಾಕಿದ. ಎಂಟು ಉಳಿಯಿತು. ಮೊದಲ ಬಹುಮಾನ. ಆಮೇಲೆ ಪ್ರಶಸ್ತಿ ಪತ್ರ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂತು. ಐದು ಸಹಿಗಳ ಜಾಗ, ನಾಲ್ಕು ಆಗಿದ್ದವು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಹೊರಗೆ ಫೋಟೋದವನು ಕಾಯುತ್ತಿದ್ದ. ಆಕೆ ಸಹಿ ಹಾಕಿದಳು.

ಮನೆಯಲ್ಲಿ ಗಂಡ "ಹೇಗಿತ್ತೇ?" ಎಂದದ್ದಕ್ಕೆ "ಊಟ ಚೆನ್ನಾಗಿತ್ತು," ಎಂದಳು. ಮಾರನೆಯ ವಾರ ಅಧ್ಯಕ್ಷರಿಗೆ ಒಂದು ಪತ್ರ ಬರೆದಳು, ಬಿಲ್ಲೆಯ ವಿಷಯವೆಲ್ಲ ವಿವರವಾಗಿ. ತಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು ಎಂದು ಅಚ್ಚಾದ ಉತ್ತರ ಬಂತು.

ಉದ್ದಣ್ಣ ಮೀಟರಕ್ಕನ ಬೀದಿಯವನೇ. ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ, ಅದಕ್ಕೆ ಆ ಹೆಸರು. ಗುತ್ತಿಗೆದಾರನೊಬ್ಬನ ಕೈಕೆಳಗೆ ಗುಂಡಿಗೆ ಇಳಿಯುವ ಕೆಲಸ. ಅವನ ಹೆಂಡತಿ ಮನೆಯಲ್ಲೇ ಬಟ್ಟೆಯ ಚೀಲ ಹೊಲಿಯುತ್ತಿದ್ದಳು. ಬಹುಮಾನ ಬಂದ ಪೆಟ್ಟಿಗೆಗಳನ್ನು, ಪ್ರಶಸ್ತಿ ಪತ್ರದ ನಕಲಿನ ಜೊತೆ, ಗುತ್ತಿಗೆಯವರಿಗೆಲ್ಲ ಹಂಚಿದಾಗ ಉದ್ದಣ್ಣ ತನ್ನದನ್ನು ಎದೆಗೆ ಸಿಕ್ಕಿಸಿಕೊಂಡೇ ಬಂದ.

"ಅಕ್ಕಾ, ನೋಡಿ. ನಿಮ್ಮ ಸಹಿ ಬಿದ್ದ ಸಾಮಾನು ನನ್ನ ಪಾಲಿಗೇ ಬಂತು."

ಮೀಟರಕ್ಕ ಪೆಟ್ಟಿಗೆಯನ್ನು ಅವನ ಎದೆಯಿಂದ ಬಿಚ್ಚಿಕೊಂಡಳು. "ನೋಡಪ್ಪಾ, ಅದನ್ನ ನಂಬಬೇಡ. ದಿನಾ ಬೆಳಿಗ್ಗೆ ನನ್ನ ಹತ್ರ ತಗೊಂಡ್ ಬಾ, ಕೂಗಿಸಿ ಕೊಡ್ತೀನಿ."

"ನೀವೇ ಬಹುಮಾನ ಕೊಟ್ಟು ನೀವೇ ನಂಬಬೇಡ ಅಂತೀರಲ್ಲ!"

"ಬಾ ಅಂದ್ರೆ ಬಾ. ಬಾಯಿ ಮುಚ್ಕೊಂಡು ಬಾ."

ನಾಲ್ಕು ದಿನ ಬಂದ. ನಾಲ್ಕೂ ದಿನ ಪೆಟ್ಟಿಗೆ ಕಿರುಚಿತು, ಕೆಂಪು ದೀಪ ಹತ್ತಿತು. ಐದನೆಯ ದಿನದಿಂದ ಅವನಿಗೆ ಊರಿನ ಆ ತುದಿಯಲ್ಲಿ ಕೆಲಸ ಬಿತ್ತು. ಮೀಟರಕ್ಕನ ಕೋಣೆಗೆ ಬಂದು ಹೋಗಬೇಕಾದರೆ ಎರಡು ಬಸ್ಸು. ಅವನು ಬರಲಿಲ್ಲ. ಜೊತೆಯವರಿಗೆ ಮಾತ್ರ ಹೇಳುತ್ತಿದ್ದನಂತೆ, "ನನ್ನದನ್ನ ಅಕ್ಕನೇ ಕೂಗಿಸಿ ಕೊಟ್ಟಿದ್ದಾರೆ, ಇದು ಪಕ್ಕಾ."

ಏಳು ತಿಂಗಳ ನಂತರ, ಒಂದು ಮಧ್ಯಾಹ್ನ, ಅವನನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದರು. ಎದೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಹಸಿರು ಉರಿಯುತ್ತಿದ್ದದ್ದೇ ತೊಂದರೆಯಾಯಿತು. ಹಸಿರು ಎಂದರೆ ಒಳಗೆ ವಿಷಗಾಳಿ ಇರಲಿಲ್ಲ. ವಿಷಗಾಳಿ ಇರಲಿಲ್ಲ ಎಂದರೆ ಅವನು ಸತ್ತದ್ದು ಬೇರೆ ಯಾವುದರಿಂದಲೋ. ಗುತ್ತಿಗೆದಾರ ಕುಡಿತ ಎಂದ. ವಿಚಾರಣೆಯ ಕಾಗದದಲ್ಲಿ, ಕುಡಿದು ಇಳಿದು ಪ್ರಜ್ಞೆ ತಪ್ಪಿರಬಹುದು ಎಂದು ಬರೆದರು. ಇನ್ನೊಂದು ವಾರದಲ್ಲಿ ಅದಕ್ಕೆ ಮೊಹರು ಬೀಳುವುದಿತ್ತು.

ಉದ್ದಣ್ಣನ ಹೆಂಡತಿ ಆ ಕಾಗದದ ನಕಲು ಹಿಡಿದು ಬಂದಳು. ಕೈಯಲ್ಲಿ ಇನ್ನೂ ಹೊಲಿಗೆಯ ದಾರದ ತುಂಡುಗಳು ಅಂಟಿಕೊಂಡಿದ್ದವು.

"ಅಕ್ಕಾ, ಅವರು ಒಂದು ತೊಟ್ಟು ಮುಟ್ಟಿದವರಲ್ಲ. ನಿಮಗೂ ಗೊತ್ತು. ಸತ್ತವರ ಬಾಯಿಗೆ ಈಗ ಕುಡಿತ ಸುರೀತಿದ್ದಾರೆ. ನನಗೆ ಇನ್ನೇನೂ ಬೇಡ, ಈ ಒಂದು ಮಾತು ತೆಗೆಸಿಕೊಡಿ. ಪೆಟ್ಟಿಗೆ ಓದೋಕೆ ನಿಮ್ಮನ್ನ ಬಿಟ್ಟು ಯಾರಿಗೆ ಬರುತ್ತೆ?"

"ಬರ್ತೀನಿ, ನಡಿ," ಎಂದಳು ಮೀಟರಕ್ಕ.

ವಿಚಾರಣೆಯ ಹಿಂದಿನ ದಿನ ಅಧ್ಯಕ್ಷರು ಫೋನ್ ಮಾಡಿದರು. ದನಿ ಅದೇ ಮೃದು. "ಮೇಡಂ, ನೀವು ಹೇಳಬೇಡಿ ಅಂತ ನಾನು ಹೇಳೋದಿಲ್ಲ. ಆದ್ರೆ ಒಂದು ಯೋಚನೆ ಮಾಡಿ, ಆ ಪತ್ರದ ಮೇಲೆ ನಿಮ್ಮ ಸಹಿಯೂ ಇದೆ. ಮೊದಲು ಕೇಳೋದು ಅದನ್ನೇ."

"ಗೊತ್ತು ಸಾರ್. ನಾನು ನಿಮಗೊಂದು ಪತ್ರ ಬರೆದಿದ್ದೆ."

"ಪತ್ರಗಳನ್ನೆಲ್ಲ ಆಫೀಸಿನವರೇ ನೋಡ್ತಾರೆ ಮೇಡಂ."

ವಿಚಾರಣೆಯ ಕೋಣೆಯಲ್ಲಿ ಕಡತಗಳು ಕಿಟಕಿಯ ಅರ್ಧದವರೆಗೆ ಏರಿದ್ದವು. ಅಧಿಕಾರಿ, ಒಬ್ಬ ಟೈಪಿಸ್ಟು, ಗೋಡೆಯ ಬೆಂಚಿನ ಮೇಲೆ ಉದ್ದಣ್ಣನ ಹೆಂಡತಿ. ಮೇಜಿನ ಮೇಲೆ ಅವನ ಪೆಟ್ಟಿಗೆ, ಚೀಟಿ ಕಟ್ಟಿದ್ದು.

ಮೀಟರಕ್ಕ ತನ್ನ ಸಿಲಿಂಡರ್ ತಂದಿದ್ದಳು. ಕಿಟಕಿ ತೆರೆಸಿ, ಪೆಟ್ಟಿಗೆಯನ್ನು ಹಚ್ಚಿ ಅದರ ಮೂತಿಗೆ ಗಾಳಿ ಹಿಡಿದಳು. ಕೊಳೆತ ಮೊಟ್ಟೆಯ ವಾಸನೆಗೆ ಟೈಪಿಸ್ಟ್ ಮೂಗು ಮುಚ್ಚಿಕೊಂಡ. ಪೆಟ್ಟಿಗೆ ಸುಮ್ಮನಿತ್ತು. ಹಸಿರು. ಬೆನ್ನು ಬಿಚ್ಚಿ ಬಿಲ್ಲೆಯನ್ನೇ ತೆಗೆದು ಅಧಿಕಾರಿಯ ಅಂಗೈಗೆ ಹಾಕಿದಳು. ಆಗಲೂ ಹಸಿರು.

"ಇದು ಸತ್ತು ಎಷ್ಟು ದಿನ ಆಯ್ತೋ ಸಾರ್. ಆ ದೀಪ ಬ್ಯಾಟರಿ ಇದೆ ಅಂತ ಹೇಳುತ್ತೆ, ಅಷ್ಟೇ. ಗಾಳಿ ಚೆನ್ನಾಗಿದೆ ಅಂತ ಅಲ್ಲ."

ಅಧಿಕಾರಿ ಬಿಲ್ಲೆಯನ್ನು ಬಹಳ ಹೊತ್ತು ನೋಡಿದರು. "ನೀವು ಇದನ್ನ ಮೊದಲೇ ಪರೀಕ್ಷೆ ಮಾಡಿದ್ರಂತಲ್ಲ?"

"ನಾಲ್ಕು ದಿನ. ಆಗ ಬದುಕಿತ್ತು."

"ನೀವು ಪರೀಕ್ಷೆ ಮಾಡಿದ್ದಕ್ಕೇ ಅವನಿಗೆ ನಂಬಿಕೆ ಬಂತು ಅಂತ ಜೊತೆಯವರು ಹೇಳ್ತಾರೆ."

"ಹೌದು."

"ಬಿಲ್ಲೆ ಇಲ್ಲದೆ ಹಸಿರು ಉರಿಯುತ್ತೆ ಅನ್ನೋದು ನಿಮಗೆ ಯಾವಾಗ ಗೊತ್ತಾಯ್ತು?"

ಮೀಟರಕ್ಕ ಬೆಂಚಿನ ಕಡೆ ನೋಡಲಿಲ್ಲ. "ಬಹುಮಾನ ಕೊಟ್ಟ ದಿನ. ಸಹಿ ಹಾಕೋ ಮೊದಲು."

ಟೈಪಿಸ್ಟ್ ಅದನ್ನೂ ಹೊಡೆದ. ಕೊನೆಗೆ ಅಧಿಕಾರಿ ಹಳೆಯ ಕಾಗದ ತೆಗೆದು, ಕುಡಿತದ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಉಪಕರಣ ಕೆಟ್ಟಿದ್ದರಿಂದ ವಿಷಗಾಳಿಯ ಸೂಚನೆ ಸಿಗದೆ ಸಾವು ಎಂದು ಬರೆಸಿ, ಉದ್ದಣ್ಣನ ಹೆಂಡತಿಗೆ ಓದಿ ಹೇಳಿದರು. ಅವಳು ಅಳಲಿಲ್ಲ, ತಲೆಯಾಡಿಸಿದಳು.

ಹೊರಗಿನ ಮೆಟ್ಟಿಲಿನ ಮೇಲೆ ಇಬ್ಬರೂ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು.

"ಅಕ್ಕಾ, ನಿಮಗೆ ಗೊತ್ತಿತ್ತಾ?"

"ಸೊನ್ನೆ ಹಾಕಿದ್ದೆ ಕಣಮ್ಮ. ಹತ್ತಕ್ಕೆ ಸೊನ್ನೆ."

"ಆ ಸೊನ್ನೆ ನಮಗೆ ಕಾಣಿಸಲಿಲ್ಲವಲ್ಲ, ಅಕ್ಕಾ. ನಮಗೆ ಕಂಡದ್ದು ಸಹಿ." ದನಿ ಏರಲಿಲ್ಲ. "ಕುಡಿತದ ಮಾತು ತೆಗೆಸಿದ್ರಿ, ನಿಮ್ಮ ಉಪಕಾರ ಮರೆಯಲ್ಲ. ಆದ್ರೆ ಒಂದು ಹೇಳಿ. ಅಲ್ಲಿ ಅಷ್ಟು ಜನ ಕೂತಿದ್ರಲ್ಲ, ಒಂದು ಸಲ ಎದ್ದು ನಿಂತು ಹೇಳೋಕೆ ಏನಾಗಿತ್ತು ನಿಮಗೆ?"

ಮೀಟರಕ್ಕ ಸಿಲಿಂಡರಿನ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಅದು ಜಾರಿತು. ಮತ್ತೆ ಏರಿಸಿಕೊಂಡಳು.

"ನನಗೆ ಅಲ್ಲಿ," ಎಂದು ಶುರು ಮಾಡಿ ನಿಲ್ಲಿಸಿದಳು. "ಅವರೆಲ್ಲ ಅಷ್ಟು ಮರ್ಯಾದೆಯಿಂದ ಕೂರಿಸಿದ್ರು, ನೋಡು, ಅದಕ್ಕೆ ನಾನು ಎದ್ದು..." ಎನ್ನುತ್ತಲೇ ಮೆಟ್ಟಿಲು ಇಳಿದು, ಗೇಟು ದಾಟಿ, ಬಸ್ ನಿಲ್ದಾಣದ ಕಡೆ ನಡೆದುಹೋದಳು.