ಕುಪ್ಪಗಡ್ಡೆಯಲ್ಲಿ ಕೂರಿಸಿದ ಡಿಬಿ

ಶಿಕಾರಿಪುರದ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ನಾನು ಕೌಂಟರಿನ ಕೆಲಸಕ್ಕಿದ್ದೆ. ಐಟಿಐಯಲ್ಲಿ ವೈರಿಂಗ್ ಕಲಿತಿದ್ದೆ ನಿಜ, ಆದರೆ ಹೆಣ್ಣುಮಗಳನ್ನು ವೈರಿಂಗಿಗೆ ಕರೆಯುವವರು ಯಾರೂ ಇರಲಿಲ್ಲ. ಅಂಗಡಿಯ ಯಜಮಾನರನ್ನು ನಾನು ಚಾಚಾ ಎನ್ನುತ್ತಿದ್ದೆ. ಸುತ್ತಲಿನ ಎಷ್ಟೋ ಕಟ್ಟಡಗಳ ಡಿಬಿ, ಅಂದರೆ ಮೀಟರಿನಿಂದ ಬಂದ ಲೈನನ್ನು ಕೋಣೆಕೋಣೆಯ ದೀಪಗಳಿಗೆ ಹಂಚುವ ಪೆಟ್ಟಿಗೆ, ಅವರೇ ಕೂರಿಸಿದ್ದು.

ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆಯೂ ಮರಳಿತು. ಬಲಗೈಗೆ ಮಾತ್ರ ಸ್ಕ್ರೂಡ್ರೈವರ್ ಹಿಡಿಯುವಷ್ಟು ಬಲ ಬರಲಿಲ್ಲ. ಕುಪ್ಪಗಡ್ಡೆಯ ಸಮುದಾಯ ಭವನದಲ್ಲಿ ತಂತಿ ಎಳೆದಾಗಿತ್ತು, ಡಿಬಿ ಕಟ್ಟುವುದು ಬಾಕಿಯಿತ್ತು. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾರೆಂದುಕೊಂಡಿದ್ದೆ.

"ಬೇಟಿ, ನಾಳೆ ಸೊರಬದ ಬಸ್ಸಿಗೆ ಹೋಗೋಣ. ಟೂಲ್ ಬ್ಯಾಗ್ ನೀನೇ ಹಿಡ್ಕೋ," ಎಂದರು ಚಾಚಾ.

ಭವನದ ಉಸ್ತುವಾರಿ ನೋಡುತ್ತಿದ್ದ ಹಿರಿಯರು ನನ್ನನ್ನು ಕಂಡು ಅನುಮಾನಿಸಿದರು. "ಏನ್ ಸಾಹೇಬ್ರೇ, ಈ ಹುಡುಗಿ ಕೈಲಿ ಮಾಡಿಸ್ತೀರಾ? ನಾಡಿದ್ದು ಮದ್ವೆ ಇದ್ಯಲ್ರೀ."

"ಕೈ ಅವಳ್ದು, ತಲಿ ನಂದು. ಎರಡೂ ಕೂಡಿದ್ರೆ ಒಬ್ಬ ಪೂರಾ ಮಿಸ್ತ್ರಿ ಆಗ್ತೀವಿ ಬಿಡ್ರೀ," ಎಂದು ಚಾಚಾ ನಕ್ಕರು.

ಅವರು ಕುರ್ಚಿಯಲ್ಲಿ ಕೂತು ಹೇಳುತ್ತಾ ಹೋದರು, ನಾನು ಬಿಗಿಯುತ್ತಾ ಹೋದೆ. ಒಂದೊಂದು ಸ್ವಿಚ್ಚಿನ ಕೆಳಗೂ ವೇದಿಕೆ, ಅಡುಗೆಮನೆ, ಊಟದ ಕೋಣೆ, ಜಗಲಿ ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ಅವರು ಹೇಳುವ ಮೊದಲೇ ನನ್ನ ಕೈ ಮುಂದಿನ ತಂತಿಗೆ ಹೋಗತೊಡಗಿದಾಗ ಅವರು ಮಾತು ಕಡಿಮೆ ಮಾಡಿದರು.

ಮಧ್ಯಾಹ್ನ ಲೈನ್ ಕೊಟ್ಟೆವು. ವೇದಿಕೆಯ ದೀಪಗಳು ಹೊತ್ತಿದವು. ಊಟದ ಕೋಣೆಯ ಸ್ವಿಚ್ ಎತ್ತಿದೆ. ಟಪ್ ಎಂದು ಇಡೀ ಡಿಬಿಯೇ ಆಫ್ ಆಯಿತು. ಆ ಲೈನಿನಲ್ಲಿ ಎಲ್ಲೋ ಕರೆಂಟು ಸೋರುತ್ತಿತ್ತು. ಹಿರಿಯರು ಚಾಚಾರ ಮುಖ ನೋಡಿದರು. ಚಾಚಾ ಮೆಲ್ಲಗೆ ಎದ್ದರು.

"ನಾನು ಚಾ ಕುಡ್ಕೊಂಡ್ ಬರ್ತೀನಿ. ನೀನ್ ಹುಡುಕು."

"ಸಿಗ್ದಿದ್ರೆ ಚಾಚಾ?"

"ಸಿಗೋ ತನಕ ಕುಡೀತೀನಿ."

ಮೇನ್ ಆಫ್ ಮಾಡಿ, ಏಣಿ ಹಾಕಿ, ಊಟದ ಕೋಣೆಯ ದೀಪಗಳನ್ನು ಒಂದೊಂದಾಗಿ ಬಿಚ್ಚಿದೆ. ಹಿರಿಯರು ತಾವಾಗಿಯೇ ಬಂದು ಏಣಿ ಹಿಡಿದುಕೊಂಡರು. "ನಿಧಾನ ಕಣಮ್ಮಾ, ಮದ್ವೆ ನಾಡಿದ್ದಲ್ವಾ," ಎಂದರು. ಕೈತೊಳೆಯುವ ಜಾಗದ ಮೇಲಿನ ದೀಪದಲ್ಲಿ ಸಿಕ್ಕಿತು. ಸ್ಕ್ರೂ ಒತ್ತಿ ತಂತಿಯ ಸಿಪ್ಪೆ ಹರಿದು, ತಾಮ್ರ ದೀಪದ ತಗಡಿಗೆ ತಾಗುತ್ತಿತ್ತು. ಹಾಳಾದಷ್ಟನ್ನು ಕತ್ತರಿಸಿ, ಹೊಸದಾಗಿ ಜೋಡಿಸಿ, ಕೆಳಗಿಳಿದು ಮೇನ್ ಆನ್ ಮಾಡಿ ಸ್ವಿಚ್ ಎತ್ತಿದೆ.

ಕೋಣೆ ತುಂಬ ಬೆಳಕಾಯಿತು. ಈ ಸಲ ಡಿಬಿ ಆಫ್ ಆಗಲಿಲ್ಲ.

"ಸಾಹೇಬ್ರೇ, ಚಾ ಸಾಕು, ಬನ್ರೀ!" ಎಂದು ಹಿರಿಯರು ಬಾಗಿಲಿಂದಲೇ ಕೂಗಿದರು.

ಚಾಚಾ ಬಂದು ಎಡಗೈಯಿಂದ ಎಲ್ಲ ಸ್ವಿಚ್ಚುಗಳನ್ನೂ ಇಳಿಸಿ, ಮತ್ತೆ ಎತ್ತಿ ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೆ ಶಿರಾಳಕೊಪ್ಪ ಬರುವವರೆಗೂ ನನ್ನ ಬಗ್ಗೆಯೇ ಹೇಳಿದರು. ಕಿಟಕಿಯ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಂಡೆ.

ಆ ಮದುವೆಗೆ ಬಂದವರೊಬ್ಬರು ತೊಗರ್ಸಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಅಂಗಡಿಗೆ ಫೋನ್ ಮಾಡಿ, "ಆ ಹುಡುಗಿನೇ ಕಳ್ಸ್ರೀ," ಎಂದರಂತೆ. ಸೋಮವಾರ ಹೋಗುತ್ತಿದ್ದೇನೆ. ಚಾಚಾ ತಾವೂ ಬರುವುದಾಗಿ ಹಟ ಹಿಡಿದಿದ್ದಾರೆ.