ಹನ್ನೊಂದು ಗಂಟೆಯ ಕೋಣೆ

ಕಾರ್ತಾಗೊ ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ ಕೂತು ಯೋರ್ಲೆನಿ ಕಿರೋಸ್ ಇಪ್ಪತ್ತೆರಡು ವರ್ಷ ಟಿಕೆಟ್ ಹರಿದಿದ್ದಳು. ಯಾವ ಬಸ್ಸು ಎಷ್ಟಕ್ಕೆ ಹೊರಟು ಎಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಯಾವ ತಿರುವಿನಲ್ಲಿ ಮಂಜು ಕವಿದರೆ ಎಷ್ಟು ತಡವಾಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಆ ಊರುಗಳನ್ನು ಅವಳು ಕಣ್ಣಾರೆ ಕಂಡದ್ದು ಕಡಿಮೆ. ಹೊರಟವರ ಬೆನ್ನು ನೋಡುವುದೇ ಅವಳ ಕೆಲಸವಾಗಿತ್ತು. ವಯಸ್ಸು ನಲವತ್ತಾರು. ಮದುವೆ ಮುರಿದ ಮೇಲೆ ಅಪ್ಪನ ಮನೆಗೆ ಮರಳಿದವಳು. ಮಾತು ಕಡಿಮೆ, ಹಿಡಿದರೆ ಮಾತ್ರ ಉಡದ ಪಟ್ಟು.

ಊರವರು ಗೌರವದಿಂದ ದೋನ್ ಎಂದು ಕರೆಯುವ ಅಪ್ಪ ಎವೆಲಿಯೊಗೆ ಮೂತ್ರಪಿಂಡ ಎರಡೂ ಕೈಕೊಟ್ಟು ಎರಡು ವರ್ಷವಾಗಿತ್ತು. ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ ಇಟ್ಟಿದ್ದರು. ಎರಡು ಲೀಟರ್ ಔಷಧಿ ನೀರಿನ ಚೀಲವನ್ನು ಎತ್ತರದಲ್ಲಿ ನೇತುಹಾಕಿ, ಆ ನೀರನ್ನು ಕೊಳವೆಯ ಮೂಲಕ ಒಳಗೆ ಇಳಿಸಬೇಕು. ಕೆಲವು ಗಂಟೆ ಹೊಟ್ಟೆಯಲ್ಲೇ ಇದ್ದು ಮೈಯ ಕೊಳೆಯನ್ನೆಲ್ಲ ಹೀರಿಕೊಂಡ ನೀರನ್ನು ಹೊರಗೆ ಬಿಟ್ಟು, ಮತ್ತೆ ಹೊಸ ಚೀಲ ಹಚ್ಚಬೇಕು. ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು. ಪ್ರತಿ ಸಲವೂ ಕಿಟಕಿ ಬಾಗಿಲು ಮುಚ್ಚಿದ ಕೋಣೆ, ಮೊಣಕೈವರೆಗೆ ತೊಳೆದ ಕೈ, ಬಾಯಿಗೆ ಬಟ್ಟೆ. ಇದನ್ನೆಲ್ಲ ಮಾಡುತ್ತಿದ್ದವಳು ಯೋರ್ಲೆನಿ. ಹನ್ನೊಂದರ ಸರದಿಗೆ ಟಿಕೆಟ್ ಕಿಟಕಿಯನ್ನು ಜೊತೆಯವಳಿಗೆ ಒಪ್ಪಿಸಿ, ಎರಡು ಬೀದಿ ದಾಟಿ ಮನೆಗೆ ಓಡುತ್ತಿದ್ದಳು.

ಜನವರಿಯ ಒಂದು ಭಾನುವಾರ ದಕ್ಷಿಣದ ರಿಯೊ ಕ್ಲಾರೊದಿಂದ ಎವೆಲಿಯೊನ ಅಕ್ಕ ಎಲಿದಾ ಫೋನ್ ಮಾಡಿದಳು. ಫೆಬ್ರವರಿಯಲ್ಲಿ ಅವಳಿಗೆ ಎಂಬತ್ತು ತುಂಬುತ್ತಿತ್ತು. ಸೊಂಟ ಮುರಿದುಕೊಂಡ ಮೇಲೆ ಅವಳು ಮನೆಯ ಜಗಲಿ ದಾಟಿರಲಿಲ್ಲ. ಅಕ್ಕ ತಮ್ಮ ಮುಖ ನೋಡಿ ಒಂಬತ್ತು ವರ್ಷವಾಗಿತ್ತು.

"ಬರ್ತೀಯೇನೋ ಎವೆಲಿಯೊ? ಇಲ್ಲ ನನ್ನನ್ನ ಹೆಣದ ಪೆಟ್ಟಿಗೇಲಿ ಇಟ್ಟ ಮೇಲೇ ಬರೋದಾ?"

"ಬರೋಕಾಗಲ್ಲ ಕಣೇ, ನನ್ನ ಹೊಟ್ಟೆಗೆ ಬೀಗ ಹಾಕಿದ್ದಾರೆ," ಎಂದು ಎವೆಲಿಯೊ ನಕ್ಕ. ಫೋನ್ ಇಟ್ಟ ಮೇಲೆ ಅನ್ನ, ಬೀನ್ಸ್ ಕಾಳಿನ ತಟ್ಟೆಯನ್ನು ಹಾಗೇ ಸರಿಸಿ ಎದ್ದುಹೋದ. ಯೋರ್ಲೆನಿ ಆ ತಟ್ಟೆಯನ್ನು ನೋಡುತ್ತ ಕೂತಳು. ಎದ್ದಾಗ ಅವಳು ನಿರ್ಧಾರ ಮಾಡಿಯಾಗಿತ್ತು.

ಅವಳ ತಮ್ಮ ವಾಲ್ತೆರ್ ಬೇಕರಿಗಳಿಗೆ ಬ್ರೆಡ್ ಸಾಗಿಸುವವನು. ಮನೆಯಲ್ಲಿ ವಾಹನವೆಂದು ಇದ್ದದ್ದು ಅವನ ಹಳೇ ವ್ಯಾನ್ ಒಂದೇ. ವಿಷಯ ಕೇಳಿ ಅವನು ಕಾಫಿ ಲೋಟ ಕುಕ್ಕಿದ.

"ತಲೆ ಕೆಟ್ಟಿದೆಯಾ ನಿಂಗೆ? ಆರೂವರೆ ಗಂಟೆ ದಾರಿ! ಮಧ್ಯದಲ್ಲಿ ಏರಬೇಕಾದ ಘಟ್ಟದ ಹೆಸರೇನು ಹೇಳು? ಸಾವಿನ ಗುಡ್ಡ! ಅಪ್ಪನ್ನ ಕರ್ಕೊಂಡು ಅಲ್ಲಿಗೆ ಹೋಗ್ತೀಯಾ?"

"ಆ ಹೆಸರು ಬಂದಿದ್ದು ನಡ್ಕೊಂಡು ಹೋಗಿ ಚಳಿಗೆ ಸತ್ತೋರಿಂದ. ನಾವು ವ್ಯಾನಲ್ಲಿ ಹೋಗ್ತೀವಿ."

"ಏನಾದ್ರೂ ಆದ್ರೆ?"

"ಏನೇನಾಗಬಹುದು ಅಂತ ಒಂದೊಂದಾಗಿ ಹೇಳು. ಬರ್ಕೋತೀನಿ."

ಎವೆಲಿಯೊ ಕುರ್ಚಿಯಿಂದ ಇಬ್ಬರನ್ನೂ ನೋಡಿದ. "ಹೊಟ್ಟೆ ನಂದು, ಜಗಳ ನಿಮ್ದು. ಚೆನ್ನಾಗಿದೆ," ಎಂದ.

ಮರುದಿನ ಯೋರ್ಲೆನಿ ಆಸ್ಪತ್ರೆಗೆ ಹೋದಳು. ವೈದ್ಯರು ಒಪ್ಪಿದರು. ದಾದಿ ದೋನ್ಯಾ ಶೀನಿಯಾ ಅವಳನ್ನು ಪಕ್ಕಕ್ಕೆ ಕರೆದು ಬೆರಳೆತ್ತಿ ಹೇಳಿದಳು: "ನೋಡಮ್ಮಾ, ಗಂಟೆ ಒಂದೆರಡು ಹಿಂದೆಮುಂದೆ ಆದ್ರೆ ನಿಮ್ಮಪ್ಪ ಸಾಯಲ್ಲ. ಕೊಳಕಾದ್ರೆ ಸಾಯ್ತಾರೆ. ಅವಸರದಲ್ಲಿ ಎಲ್ಲೆಂದರಲ್ಲಿ ಚೀಲ ಬಿಚ್ಚಬೇಡ."

ಅಂದಿನಿಂದ ಯೋರ್ಲೆನಿ ಪಟ್ಟಿ ಬರೆಯಲು ಕೂತಳು. ಬಸ್ಸಿನ ಚಾಲಕರು ಕಿಟಕಿಗೆ ಬಂದಾಗಲೆಲ್ಲ ಹಿಡಿದು ಕೇಳಿದಳು: ಎಲ್ಲಿ ರಸ್ತೆ ಕುಸಿದಿದೆ, ಯಾವ ಹೋಟೆಲಿನ ಬಚ್ಚಲು ಶುದ್ಧ, ಎಲ್ಲಿ ಫೋನ್ ಹಿಡಿಯುವುದಿಲ್ಲ. ಊಟ, ನೋಟ, ಸಮುದ್ರ ಎಂದು ಎಲ್ಲರೂ ಬರೆಯುವ ಪಟ್ಟಿಯಲ್ಲ ಅವಳದು. ಗಂಟೆ, ಊರು, ಬಾಗಿಲು ತೆರೆಯುವವರ ಹೆಸರು, ಅದು ತಪ್ಪಿದರೆ ಇನ್ನೊಂದು ಬಾಗಿಲು. ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲೇ ಹೊರಡುವುದೆಂದು ಬರೆದು, ಒಂದು ದಿನವನ್ನು ಖಾಲಿ ಬಿಟ್ಟಳು.

"ಇದೇನು, ಬಿಡುವಿನ ದಿನ?" ವಾಲ್ತೆರ್ ಅಣಕಿಸಿದ.

"ಅದು ರಸ್ತೆಯ ಪಾಲು," ಎಂದಳು.

ಘಟ್ಟ ಇಳಿದರೆ ಸಾನ್ ಇಸಿದ್ರೊ. ಹನ್ನೊಂದಕ್ಕೆ ಅಲ್ಲಿ ಒಂದು ಕೋಣೆ ಬೇಕಿತ್ತು. ಒಂದು ವಸತಿಗೃಹಕ್ಕೆ ಫೋನ್ ಮಾಡಿದಳು.

"ಒಂದೇ ಒಂದು ಗಂಟೆಗೆ ರೂಮ್ ಸಿಗುತ್ತಾ?"

ಆ ಕಡೆಯವನು ದನಿ ಬಿಗಿ ಮಾಡಿದ. "ಅಮ್ಮಾ, ಇದು ಸಂಸಾರಸ್ಥರು ಇಳ್ಕೊಳ್ಳೋ ಜಾಗ."

"ನಾವೂ ಸಂಸಾರಸ್ಥರೇ. ನಾನು, ಜೊತೆಗೆ ಇಬ್ಬರು ಗಂಡಸರು. ಕಿಟಕಿ ಪೂರ್ತಿ ಮುಚ್ಚೋ ಹಾಗಿರ್ಬೇಕು. ಗೋಡೇಲಿ ಗಟ್ಟಿ ಕೊಕ್ಕೆ ಇದ್ಯಾ?"

ಫೋನ್ ಕಟ್ಟಾಯಿತು. ಎವೆಲಿಯೊ ಹೊಟ್ಟೆಯ ಕೊಳವೆಯನ್ನು ಅದುಮಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಕೊಕ್ಕೆ ಕೇಳಿದ್ದಕ್ಕೇ ಹೆದರಿಬಿಟ್ಟ ಪಾಪ!"

ಎರಡನೇ ಕಡೆ ಅವಳು ಮೊದಲು ಕಾಯಿಲೆ ಹೇಳಿ ಆಮೇಲೆ ಕೋಣೆ ಕೇಳಿದಳು. ಸಿಕ್ಕಿತು. ಹೀಗೆ ಇಡೀ ದಾರಿಗೆ ಎರಡೆರಡು ಬಾಗಿಲು ಗೊತ್ತಾದವು. ಘಟ್ಟದ ನೆತ್ತಿಯಲ್ಲಿ ಮಾತ್ರ ಒಂದೂ ಇಲ್ಲ. "ಅಲ್ಲೊಬ್ಬಳು ಮೀರೆಯಾ ಅಂತ ಮುದುಕಿ ಇದ್ದಾಳೆ, ಮೀನು ಹುರಿದು ಕೊಡ್ತಾಳೆ. ನೀಲಿ ಗೇಟು. ಮಹಾ ಸಿಡುಕಿ," ಎಂದಿದ್ದ ಒಬ್ಬ ಚಾಲಕ. ಅಲ್ಲಿ ಫೋನ್ ಇಲ್ಲ. ಯೋರ್ಲೆನಿ ಪೆನ್ಸಿಲಿನಲ್ಲಿ 'ನೀಲಿ ಗೇಟು' ಎಂದಷ್ಟೇ ಬರೆದುಕೊಂಡಳು.

ಹೊರಟ ದಿನ ಆರರ ಚೀಲ ಮುಗಿಸಿ ಏಳಕ್ಕೆ ವ್ಯಾನ್ ಏರಿದರು. ಗೊಣಗುತ್ತಲೇ ಒಪ್ಪಿದ್ದ ವಾಲ್ತೆರ್ ಓಡಿಸಲು ಕೂತ. ಹಿಂದೆ ಬ್ರೆಡ್ ಇಡುವ ಜಾಗದಲ್ಲಿ ಔಷಧಿ ನೀರಿನ ಡಬ್ಬಗಳು. ಐದು ದಿನಕ್ಕೆ ನಲವತ್ತು ಕೆಜಿಗೂ ಮೇಲೆ ಭಾರ. ಹನ್ನೊಂದರ ಚೀಲವನ್ನು ಬಿಸಿನೀರಿನ ರಬ್ಬರ್ ಚೀಲಗಳ ನಡುವೆ ಇಟ್ಟು ಕಂಬಳಿ ಸುತ್ತಿದ್ದಳು. ತಣ್ಣಗಿನ ನೀರು ಹೊಟ್ಟೆಗೆ ಇಳಿದರೆ ನುಲಿಯುತ್ತದೆ.

ಎಂಟೂವರೆಗೆ, ನೆತ್ತಿಗೆ ಇನ್ನೇನು ಮುಟ್ಟಬೇಕು ಎನ್ನುವಾಗ ವಾಹನಗಳ ಸಾಲು ನಿಂತಿತ್ತು. ಮುಂದೆಲ್ಲೋ ಕೊಳವೆ ಹೊತ್ತ ದೊಡ್ಡ ಲಾರಿ ರಸ್ತೆಗೆ ಅಡ್ಡ ಮಲಗಿತ್ತು. ಒಂಬತ್ತಾಯಿತು, ಹತ್ತಾಯಿತು. ಮಂಜು ಬಂತು, ಹೋಯಿತು. ಎಷ್ಟೋ ಕಾರುಗಳು ತಿರುಗಿಸಿಕೊಂಡು ಹಿಂದಕ್ಕೆ ಹೊರಟವು. ವಾಲ್ತೆರ್ ಕೂಡ ಕೀಲಿಗೆ ಕೈಹಾಕಿದ.

"ಸಾಕು. ಈಗ ತಿರುಗಿಸಿದ್ರೆ ಹನ್ನೊಂದೂವರೆಯೊಳಗೆ ಮನೇಲಿರ್ತೀವಿ."

"ಹೌದು, ಮನೇಲಿರ್ತೀವಿ. ಆಮೇಲೆ? ಇನ್ನೊಂದ್ಸಲ ವ್ಯಾನ್ ತೆಗೀತೀಯಾ ನೀನು?"

ಅವನು ಕೀಲಿಯಿಂದ ಕೈ ತೆಗೆದ. "ಹಾಗಾದ್ರೆ ಇಲ್ಲೇ ಮಾಡಿಬಿಡು, ವ್ಯಾನಲ್ಲೇ," ಎಂದ.

"ಧೂಳು, ಬ್ರೆಡ್ ಪುಡಿ, ನಿನ್ನ ಬೂಟು! ತಡವಾದ್ರೆ ಆಗಲಿ, ಕೊಳಕಲ್ಲಿ ಬಿಚ್ಚಲ್ಲ." ಅವಳು ಸ್ವೆಟರ್ ಗುಂಡಿ ಹಾಕಿಕೊಂಡು ಇಳಿದಳು. "ಅಪ್ಪಾ, ನೀವು ಕಂಬಳಿ ಹೊದ್ದು ಕೂತಿರಿ. ನಾನು ಬಾಗಿಲು ಹುಡುಕ್ಕೊಂಡು ಬರ್ತೀನಿ."

"ಹೋಗಿ ಬಾ ಮಗಳೇ," ಎಂದ ಎವೆಲಿಯೊ. "ಇಪ್ಪತ್ತನೇ ವಯಸ್ಸಲ್ಲಿ ದನದ ಲಾರಿ ಮೇಲೆ ಕೂತು ಈ ಗುಡ್ಡ ದಾಟಿದೋನು ನಾನು. ಕಾಯೋದು ಗೊತ್ತು."

ನಿಂತ ಸಾಲಿನ ಪಕ್ಕದಲ್ಲೇ ಅವಳು ಏರುತ್ತ ಹೋದಳು. ಅಷ್ಟು ಎತ್ತರದಲ್ಲಿ ಉಸಿರು ಎದೆಗೆ ಸಾಲದು. ನೂರು ಹೆಜ್ಜೆಗೊಮ್ಮೆ ನಿಂತಳು. ತಿರುವಿನ ಆಚೆ ನೀಲಿ ಗೇಟು ಕಂಡಿತು. ಒಳಗೆ ಸೌದೆ ಒಲೆಯ ಮುಂದೆ ಗಿಡ್ಡ ಮುದುಕಿ.

"ಮೀನಿಲ್ಲ. ಕಾಫಿ ಇದೆ," ಎಂದಳು ಮುದುಕಿ, ತಿರುಗಿಯೂ ನೋಡದೆ.

"ದೋನ್ಯಾ ಮೀರೆಯಾ, ನಂಗೆ ಮೀನೂ ಬೇಡ, ಕಾಫಿನೂ ಬೇಡ. ಹೊಗೆ ಬರದ ಒಂದು ಕೋಣೆ ಬೇಕು, ಒಂದು ಗಂಟೆ ಹೊತ್ತು." ಏದುಸಿರಿನಲ್ಲೇ ಎಲ್ಲ ಹೇಳಿದಳು. ಮುದುಕಿ ಒಲೆ ಕೆದಕುವುದನ್ನು ನಿಲ್ಲಿಸಿ ಕೇಳಿದಳು.

"ನಿಮ್ಮಪ್ಪ ಎಲ್ಲಿ?"

"ಕೆಳಗೆ, ವ್ಯಾನಲ್ಲಿ. ಇಷ್ಟು ಏರು ನಡೆಯೋಕಾಗಲ್ಲ ಅವ್ರಿಗೆ."

"ನಡೀಲಿ ಅಂದೋರು ಯಾರು?" ಮುದುಕಿ ಮೊಳೆಯಿಂದ ಕೀಲಿ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ಅವಳಷ್ಟೇ ವಯಸ್ಸಾದ ಜೀಪೊಂದಿತ್ತು. ಎದುರಿನಿಂದ ಬರುವ ವಾಹನವೇ ಇಲ್ಲದ ಖಾಲಿ ಬದಿಯಲ್ಲಿ ಅದನ್ನು ಇಳಿಸಿಕೊಂಡು ಹೋದಳು. ವಾಲ್ತೆರ್ ವ್ಯಾನನ್ನು ಅಂಚಿಗೆ ಸರಿಸಿ ಬೀಗ ಹಾಕಿ, ಕಂಬಳಿ ಸುತ್ತಿದ ಚೀಲದ ಜೊತೆ ಅಪ್ಪನನ್ನು ಎತ್ತಿ ಜೀಪಿನಲ್ಲಿ ಕೂರಿಸಿದ. ಅದೇ ಬದಿಯಲ್ಲಿ ಮತ್ತೆ ಮೇಲೇರುವಾಗ ಸಾಲಿನವರು ಕೂಗಿದರೆ ಮುದುಕಿ ತಾನೂ ತಿರುಗಿ ಕೂಗಿದಳು.

ಮುದುಕಿಯ ಮಲಗುವ ಕೋಣೆ ಹಲಗೆ ಗೋಡೆಯದು, ಸಣ್ಣದು, ಶುದ್ಧ. ಯೋರ್ಲೆನಿ ಹೊದಿಕೆ ಬದಲಿಸಿದಳು, ಮೇಜು ಒರೆಸಿದಳು, ಕಿಟಕಿಯ ಸಂದಿಗೆ ಬಟ್ಟೆ ತುರುಕಿದಳು. ರಬ್ಬರ್ ಚೀಲಗಳಿಗೆ ಮೀರೆಯಾ ಹೊಸದಾಗಿ ಬಿಸಿನೀರು ತುಂಬಿ ಕೊಟ್ಟಳು. ಗೋಡೆಯ ಮೇಲಿದ್ದ ಏಸುವಿನ ಪಟವನ್ನು ತಾನೇ ಇಳಿಸಿ, "ಇವನೇನೂ ಬೇಜಾರು ಮಾಡ್ಕೊಳ್ಳಲ್ಲ," ಎಂದು ಎದೆಗವಚಿಕೊಂಡು ಹೊರಗೆ ಹೋದಳು.

ಹಳೇ ನೀರು ಇಳಿಯಿತು. ಹೊಸ ಚೀಲವನ್ನು ಪಟ ಇದ್ದ ಮೊಳೆಗೆ ಹಾಕಿ ಕೊಳವೆಯ ತಿರುಪು ತಿರುಗಿಸಿದ ಕೂಡಲೇ ಮೊಳೆ ಬಾಗತೊಡಗಿತು. ಯೋರ್ಲೆನಿಯ ತೊಳೆದ ಕೈಗಳು ಕೊಳವೆಯ ಮೇಲಿದ್ದವು; ಅವಳು ಬೇರೇನನ್ನೂ ಮುಟ್ಟುವಂತಿರಲಿಲ್ಲ.

"ವಾಲ್ತೆರ್, ಹಿಡ್ಕೋ!"

ಇಷ್ಟು ದಿನ ಚೀಲದ ಹೊತ್ತಿಗೆ ಏನಾದರೊಂದು ನೆಪ ಹೇಳಿ ಹೊರಗೆ ಹೋಗುತ್ತಿದ್ದವನು ಅವನು. ಇವತ್ತೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಅಂಟಿಕೊಂಡು ನಿಂತಿದ್ದ. ಒಂದೇ ಹೆಜ್ಜೆಗೆ ಬಂದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಐದು ನಿಮಿಷಕ್ಕೆ ಚೀಲ ತುಸು ಕೆಳಗೆ ಬಂತು.

"ಇಳಿಸಬೇಡ."

"ಇಳಿಸಲ್ಲ." ಅವನ ಕಣ್ಣು ನೆಲದ ಮೇಲಿದ್ದ ಹಳದಿ ನೀರಿನ ಚೀಲದ ಮೇಲಿತ್ತು, ಆಮೇಲೆ ಅಪ್ಪನ ತೆಳ್ಳಗಿನ ಹೊಟ್ಟೆಯ ಮೇಲೆ. "ದಿನಾ ನಾಲ್ಕು ಸಲ ಹಿಂಗೇನಾ?"

"ಎರಡು ವರ್ಷದಿಂದ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಬಾಗಿಲಾಚೆ ಇರ್ತಿದ್ದೆ."

ಎವೆಲಿಯೊ ಕಣ್ಣು ಮುಚ್ಚಿಕೊಂಡೇ ಹೇಳಿದ: "ಬೈಬೇಡ್ವೇ. ಕೈ ಸೋತ್ರೆ ನಂಗೇ ನಷ್ಟ."

ಚೀಲ ಖಾಲಿಯಾಗಿ, ಕೊಳವೆ ಮುಚ್ಚಿದ ಮೇಲೆ ವಾಲ್ತೆರ್ ಗೋಡೆಗೊರಗಿ ಕೂತ. ಎಷ್ಟೋ ಹೊತ್ತು ತೋಳು ಉಜ್ಜಿಕೊಳ್ಳುತ್ತಿದ್ದ. ಆಮೇಲೆ ಸುತ್ತಿಗೆ ಕೇಳಿ ಪಡೆದು, ಗೋಡೆಗೆ ದಪ್ಪ ಮೊಳೆ ಹೊಡೆದು, ಪಟವನ್ನು ಮೊದಲಿನಂತೆ ತೂಗುಹಾಕಿದ.

ರಸ್ತೆ ತೆರೆದದ್ದು ಒಂದೂವರೆಗೆ. ಯೋರ್ಲೆನಿ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬರೆದಳು: ರಾತ್ರಿ ಸಾನ್ ಇಸಿದ್ರೊದಲ್ಲೇ ವಸತಿ; ನಾಳೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ಅತ್ತೆಯ ಮನೆ. ಖಾಲಿ ಬಿಟ್ಟಿದ್ದ ದಿನವನ್ನು ಕೇಳಿ ಪಡೆದಂತೆ ರಸ್ತೆ ತೆಗೆದುಕೊಂಡಿತ್ತು. ವಾಲ್ತೆರ್ ಈ ಸಲ ಅಣಕಿಸಲಿಲ್ಲ. "ನಾಲ್ಕರ ಚೀಲ ನಾನು ಹಿಡೀಲಾ?" ಎಂದ. "ಅಲ್ಲಿ ಕೊಕ್ಕೆ ಇದೆ," ಎಂದಳು. "ಇರ್ಲಿ. ಕೈ ತೊಳೆಯೋದಾದ್ರೂ ಕಲಿಸು."

ರಿಯೊ ಕ್ಲಾರೊದ ಸೆಕೆ ಬಟ್ಟೆಯಂತೆ ಮೈಗೆ ಸುತ್ತಿಕೊಳ್ಳುತ್ತದೆ. ಎಲಿದಾ ಜಗಲಿಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದಳು. ತಮ್ಮ ಮೆಟ್ಟಿಲು ಹತ್ತಿದ ಕೂಡಲೇ ಕೋಲನ್ನು ಅವನತ್ತ ಚಾಚಿದಳು.

"ಎಷ್ಟು ಮುದುಕ ಆಗಿದ್ದೀಯೋ!"

"ಹೂಂ, ನೀನೊಬ್ಬಳು ಹದಿನಾರಲ್ಲೇ ನಿಂತಿದ್ದೀಯ."

ಅವನು ಪಕ್ಕದಲ್ಲಿ ಕೂತ. ಅಕ್ಕ ಅವನ ಕೈ ಹಿಡಿದುಕೊಂಡವಳು ಊಟಕ್ಕೆ ಕರೆದಾಗಲೂ ಬಿಡಲಿಲ್ಲ. ಹುಟ್ಟುಹಬ್ಬದ ದಿನ ನಾಲ್ಕು ಗಂಟೆಗೆ, ಚೀಲದ ಹೊತ್ತಿಗೆ ಸರಿಯಾಗಿ, ಮನೆ ತುಂಬ ಜನ. ಧೂಳೇಳಬಾರದೆಂದು ಎಲಿದಾ ಎಲ್ಲ ಫ್ಯಾನುಗಳನ್ನೂ ಆಫ್ ಮಾಡಿಸಿದಳು. ಮುಕ್ಕಾಲು ಗಂಟೆ ಇಡೀ ಬಳಗ ಬೆವರಿಳಿಸುತ್ತ ಬಾಗಿಲ ಹೊರಗೆ ಪಿಸುಮಾತಿನಲ್ಲಿ ಕಾಯಿತು. ಒಳಗೆ ವಾಲ್ತೆರ್ ಮೊಣಕೈವರೆಗೆ ಕೈ ತೊಳೆದುಕೊಂಡು ಯೋರ್ಲೆನಿ ಹೇಳಿದಂತೆ ಮಾಡುತ್ತಿದ್ದ.

ಎವೆಲಿಯೊ ಆಮೇಲೆ ಎರಡು ವರ್ಷ ಬದುಕಿದ. ಊರಿಗೆ ಮರಳಿದ ಮೇಲೆ ಹನ್ನೊಂದರ ಸರದಿ ವಾಲ್ತೆರನದಾಯಿತು. ಯೋರ್ಲೆನಿ ಮನೆಗೆ ಓಡದೆ ಮಧ್ಯಾಹ್ನದವರೆಗೆ ಟಿಕೆಟ್ ಕಿಟಕಿಯಲ್ಲೇ ಕೂರುವಂತಾಯಿತು. ದಾದಿ ಶೀನಿಯಾ ಅವಳ ಪಟ್ಟಿಯ ಪ್ರತಿ ಮಾಡಿಸಿ ಬೇರೆ ರೋಗಿಗಳಿಗೂ ಕೊಟ್ಟಳು. ಅದನ್ನು ಹಿಡಿದು ತುರಿಯಾಲ್ಬಾದ ಒಬ್ಬ ಮೇಷ್ಟ್ರು ಮಗಳ ಮದುವೆಗೆ ಹೋಗಿಬಂದರಂತೆ. ಮರುವರ್ಷ ಅಕ್ಕ ತಮ್ಮ ಅಪ್ಪನನ್ನು ಕರೆದುಕೊಂಡು ಪೂರ್ವದ ಕಡಲಿಗೂ ಹೊರಟರು. ಆ ಸಲ ಪಟ್ಟಿ ಬರೆದವನು ವಾಲ್ತೆರ್. ಅದರಲ್ಲಿ ಎರಡು ತಪ್ಪುಗಳಿದ್ದವು. ಯೋರ್ಲೆನಿ ಕೆಂಪು ಪೆನ್ನಿನಲ್ಲಿ ತಿದ್ದಿ, ಅವನ ಕೈಗೆ ಕೊಟ್ಟಳು.